ರಾತ್ರಿ 150 ಇದ್ದ ಗೇಜ್ ಬೆಳಿಗ್ಗೆ 110: ಮ್ಯಾಚ್ ಏರ್ ರೈಫಲ್‌ನಲ್ಲಿ ಗಾಳಿ ಎಲ್ಲಿ ಹೋಗ್ತಿದೆ?

ಅಪ್ಪ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಮಗಳು 10 ಮೀಟರ್ ಏರ್ ರೈಫಲ್ ಶೂಟಿಂಗ್ ಮಾಡುತ್ತಾಳೆ. ಹೋದ ವರ್ಷ ಅವಳಿಗೆ ಒಂದು ಸೆಕೆಂಡ್ ಹ್ಯಾಂಡ್ ಜರ್ಮನ್ ಮ್ಯಾಚ್ ರೈಫಲ್ (ಸ್ಪರ್ಧೆಗೆ ಬಳಸುವುದು) ಕೊಡಿಸಿದೆ. 200 ಬಾರ್ (ಗಾಳಿಯ ಒತ್ತಡದ ಅಳತೆ) ಸಿಲಿಂಡರ್, ಒಳಗೆ ಒತ್ತಡ ಒಂದೇ ಸಮ ಇಡುವ ರೆಗ್ಯುಲೇಟರ್. ಇಷ್ಟು ದಿನ ಏನೂ ತೊಂದರೆ ಇರಲಿಲ್ಲ.

ಮೂರು ವಾರದಿಂದ ಗಾಳಿ ನಿಲ್ಲುತ್ತಿಲ್ಲ. ಸಂಜೆ ಏಳಕ್ಕೆ ಗೇಜ್ 150 ತೋರಿಸಿದರೆ ಬೆಳಿಗ್ಗೆ ಆರಕ್ಕೆ 110. ಕಿವಿ ಇಟ್ಟು ಕೇಳಿದರೂ ಸದ್ದಿಲ್ಲ. ಇನ್ನೊಂದು ವಿಷಯ, ಸ್ವಲ್ಪ ಹೊತ್ತು ಬಿಟ್ಟು ಹೊಡೆದರೆ ಮೊದಲನೇ ಪೆಲೆಟ್ (ಸಣ್ಣ ಗುಂಡು) ಟಾರ್ಗೆಟ್‌ನಲ್ಲಿ ಮೇಲೆ ಬೀಳುತ್ತದೆ ಅಂತ ಮಗಳು ಹೇಳುತ್ತಾಳೆ. ಆಮೇಲಿನವು ಸರಿ ಇರುತ್ತವೆ. ನಾನು ಅವಳ ಉಸಿರಾಟದ ತಪ್ಪು ಇರಬಹುದು ಅಂದುಕೊಂಡಿದ್ದೆ.

ಊರಿನಲ್ಲಿ ಪರಿಚಯದ ಮೆಕ್ಯಾನಿಕ್ ಒಬ್ಬರು "ಎಲ್ಲ ಓ-ರಿಂಗ್ ಬದಲಾಯಿಸಿಬಿಡೋಣ, ಒಂದು ಗಂಟೆ ಕೆಲಸ" ಅನ್ನುತ್ತಾರೆ. ಗಾಳಿ ಸೋರದಂತೆ ತಡೆಯುವ ರಬ್ಬರ್ ರಿಂಗ್‌ಗಳು ಅವು. ಓ-ರಿಂಗ್ ಸೆಟ್ ಕೂಡ ತರಿಸಿದ್ದೇನೆ. ಐದು ವಾರದಲ್ಲಿ ರಾಜ್ಯ ಮಟ್ಟದ ಸ್ಪರ್ಧೆ ಇದೆ. ಬಿಚ್ಚಲಾ?

ಪೀಣ್ಯ_ಲೇತ್

ಸರ್, ದಯವಿಟ್ಟು ಬಿಚ್ಚಬೇಡಿ. ಸೋರಿಕೆ ಎಲ್ಲಿದೆ ಅಂತ ಗೊತ್ತಾಗುವ ತನಕ ಒಂದು ಸ್ಕ್ರೂ ಕೂಡ ಮುಟ್ಟಬೇಡಿ. ಒಮ್ಮೆ ಬಿಚ್ಚಿದರೆ ಗಾಳಿ ಎಲ್ಲಿಂದ ಹೋಗುತ್ತಿತ್ತು ಅನ್ನುವ ಸುಳಿವೇ ಹೋಗುತ್ತದೆ. ಮತ್ತೆ ಜೋಡಿಸಿದ ಮೇಲೂ ಸೋರಿದರೆ ಅದು ಹಳೇ ಲೀಕೋ, ನಾವೇ ಮಾಡಿದ ಹೊಸ ಲೀಕೋ ಗೊತ್ತಾಗಲ್ಲ.

ಮೊದಲು ನೋಡಬೇಕಾದದ್ದು ಸಿಲಿಂಡರ್ ಸೋರುತ್ತಿದೆಯಾ, ರೈಫಲ್ ಸೋರುತ್ತಿದೆಯಾ ಅನ್ನುವುದು. ಇವತ್ತು ರಾತ್ರಿ ಸಿಲಿಂಡರ್ ಬಿಚ್ಚಿ ಪಕ್ಕಕ್ಕಿಡಿ. ಮ್ಯಾಚ್ ಸಿಲಿಂಡರ್‌ಗೆ ತುದಿಯಲ್ಲೇ ಗೇಜ್ ಇರುತ್ತದಲ್ಲ, ಅದನ್ನು ಬರೆದಿಡಿ. ನಾಳೆ ರಾತ್ರಿ ರೈಫಲ್‌ಗೆ ಹಾಕಿಟ್ಟು ಮತ್ತೆ ಬರೆದಿಡಿ. ಪಕ್ಕದಲ್ಲಿ ಕೋಣೆಯ ಉಷ್ಣಾಂಶ ಕೂಡ ಬರೀರಿ. ಇದನ್ನು ಮರೆತು ಸುಮ್ಮನೆ ಹೆದರಿದವರು ತುಂಬಾ ಜನ ಇದ್ದಾರೆ. ಸಂಜೆ 33 ಡಿಗ್ರಿ, ಬೆಳಿಗ್ಗೆ 21 ಡಿಗ್ರಿ ಇದ್ದರೆ 150 ಬಾರ್ ತಾನಾಗಿಯೇ 144ಕ್ಕೆ ಇಳಿಯುತ್ತದೆ. ಒಂದು ಹನಿ ಗಾಳಿಯೂ ಹೊರಗೆ ಹೋಗಿರುವುದಿಲ್ಲ. ಪಂಪ್ ಹೊಡೆದ ತಕ್ಷಣ ಸಿಲಿಂಡರ್ ಬಿಸಿ ಇರುತ್ತದೆ, ಆಗ ಓದಿದ ಅಂಕಿಯನ್ನೂ ನಂಬಬೇಡಿ. ಒಂದು ಗಂಟೆ ಬಿಟ್ಟು ಓದಿ.

ನಿಮ್ಮದು 40 ಇಳಿದಿದೆ, ಅದು ಲೀಕೇ. ಆದರೆ ಕಿವಿಗೆ ಕೇಳುವಷ್ಟು ದೊಡ್ಡದಲ್ಲ. ಸಿಲಿಂಡರ್ ಕಾಲು ಲೀಟರ್ ಅಂತ ಹಿಡಿಯೋಣ. ಚಳಿಯ 6 ಬಾರ್ ಕಳೆದರೆ 34 ಬಾರ್, ಅಂದರೆ ಹತ್ತಿರ ಹತ್ತಿರ ಎಂಟೂವರೆ ಲೀಟರ್ ಗಾಳಿ. ಹನ್ನೊಂದು ಗಂಟೆಗೆ ಹಂಚಿದರೆ ನಿಮಿಷಕ್ಕೆ 13 ಮಿಲಿ. ಕಿವಿಗೆ ಸಿಗಲ್ಲ, ಸೋಪಿನ ನೀರಿಗೆ ಖಂಡಿತ ಸಿಗುತ್ತದೆ.

ಕುಡ್ಲ_ಪಿಸಿಪಿ

ಲೇತ್ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಎರಡು ವರ್ಷದ ಹಿಂದೆ ಇದೇ ತಪ್ಪು ಮಾಡಿದೆ. ರಾತ್ರಿಗೆ 10 ಬಾರ್ ಹೋಗುತ್ತಿತ್ತು ಅಷ್ಟೇ. ಒಂದು ಭಾನುವಾರ ಕೂತು ಪೂರ್ತಿ ಬಿಚ್ಚಿ ಎಲ್ಲ ರಿಂಗ್ ಬದಲಾಯಿಸಿದೆ. ಜೋಡಿಸಿ ಪಂಪ್ ಹೊಡೆದರೆ 60 ಬಾರ್ ದಾಟಲೇ ಇಲ್ಲ. ಹೊಸ ರಿಂಗನ್ನು ಕೊಳವೆಯೊಳಗೆ ತಳ್ಳುವಾಗ ಅಡ್ಡ ತೂತಿನ ಅಂಚಿಗೆ ಸಿಕ್ಕಿ ಉಗುರಿನಷ್ಟು ಕತ್ತರಿಸಿ ಹೋಗಿತ್ತು. ಮೂಲ ಲೀಕ್ ಇದ್ದದ್ದು ಗೇಜ್‌ನ ಬುಡದಲ್ಲಿ. ಅದಕ್ಕೆ ಒಳಗಿನದು ಏನೂ ಬಿಚ್ಚಬೇಕಿರಲಿಲ್ಲ.

ಹತ್ತುಮೀಟರ್

ಸಣ್ಣ ಮಕ್ಕಳಿಗೆ ರೈಫಲ್ ಹೇಳಿಕೊಡುತ್ತೇನೆ, ರಿಪೇರಿ ನನ್ನ ಕೆಲಸ ಅಲ್ಲ. ಆದರೆ ಸುರಕ್ಷತೆ ಬಗ್ಗೆ ಹೇಳಲೇಬೇಕು. ಸಿಲಿಂಡರ್ ಬಿಚ್ಚಿದ ಮಾತ್ರಕ್ಕೆ ರೈಫಲ್ ಖಾಲಿ ಅಲ್ಲ. ರೆಗ್ಯುಲೇಟರ್ ಆಚೆ ಚೇಂಬರ್‌ನಲ್ಲಿ ಇನ್ನೂ ಗಾಳಿ ಇರುತ್ತದೆ. ಪೆಲೆಟ್ ಇಲ್ಲ ಅಂತ ಎರಡು ಸಲ ನೋಡಿ, ಟಾರ್ಗೆಟ್ ಕಡೆಗೆ ಹಿಡಿದು, ಸದ್ದು ಪೂರ್ತಿ ನಿಲ್ಲುವ ತನಕ ಖಾಲಿ ಹೊಡೆಯಿರಿ. ಆಮೇಲೇ ಉಳಿದ ಕೆಲಸ. ಯಾವುದೇ ತಿರುಪು ಅಸಹಜವಾಗಿ ಬಿಗಿಯಾಗಿ ತಿರುಗಿದರೆ ಒಳಗೆ ಒತ್ತಡ ಇದೆ ಅಂತಲೇ ತಿಳಿದು ನಿಲ್ಲಿಸಿ. ಸಿಲಿಂಡರ್‌ನ ವಾಲ್ವನ್ನು ಮಾತ್ರ ಮನೆಯಲ್ಲಿ ಯಾರೂ ಬಿಚ್ಚಬಾರದು.

ಅಪ್ಪ ಅವರೇ, ಒಂದು ಮಾತು. ಮಗಳು ಹೇಳಿದ್ದನ್ನು ನಂಬಿ. "ಮೊದಲನೇ ಪೆಲೆಟ್ ಮೇಲೆ" ಅಂತ ಅವಳು ಗಮನಿಸಿದ್ದಾಳೆ ಅಂದರೆ ಅದರಲ್ಲಿ ವಿಷಯ ಇದೆ. ನಿಮ್ಮಲ್ಲಿ ಯಾರ ಹತ್ತಿರವಾದರೂ ಪೆಲೆಟ್‌ನ ವೇಗ ಅಳೆಯುವ ಕ್ರೋನೋಗ್ರಾಫ್ ಇದೆಯಾ? ಇಪ್ಪತ್ತು ನಿಮಿಷ ಬಿಟ್ಟು ಹೊಡೆದ ಮೊದಲ ಪೆಲೆಟ್‌ನ ವೇಗ, ಅದರ ಹಿಂದೆಯೇ ಹೊಡೆದ ನಾಲ್ಕರ ವೇಗ ಬರೆದು ಕಳಿಸಿ.

ಅಪ್ಪ_ದಾವಣಗೆರೆ

ಎರಡು ರಾತ್ರಿ ನೋಡಿದೆ. ಸಿಲಿಂಡರ್ ಬೇರೆ ಇಟ್ಟಾಗ 150ರಿಂದ 145. ರೈಫಲ್‌ಗೆ ಹಾಕಿಟ್ಟಾಗ 148ರಿಂದ 109. ಎರಡೂ ದಿನ ಸಂಜೆ 33, ಬೆಳಿಗ್ಗೆ 21 ಡಿಗ್ರಿ. ಅಂದರೆ ಸಿಲಿಂಡರ್ ಚೆನ್ನಾಗಿದೆ, ಅಲ್ವಾ?

ಕ್ಲಬ್‌ನವರ ಕ್ರೋನೋಗ್ರಾಫ್ ಸಿಕ್ಕಿತು. ಇಪ್ಪತ್ತು ನಿಮಿಷ ಬಿಟ್ಟು ಮೊದಲನೇದು ಸೆಕೆಂಡಿಗೆ 181 ಮೀಟರ್. ಆಮೇಲೆ 174, 173, 174, 174. ಮತ್ತೆ ಇಪ್ಪತ್ತು ನಿಮಿಷ ಬಿಟ್ಟರೆ 180. ಮಗಳು ಪುಸ್ತಕದಲ್ಲಿ ಬರೆದು ನನಗೆ ತೋರಿಸಿ ಏನೂ ಹೇಳದೆ ಒಳಗೆ ಹೋದಳು. ಅವಳ ಉಸಿರಾಟದ ಮೇಲೆ ತಪ್ಪು ಹೊರಿಸಿದ್ದಕ್ಕೆ ಆಮೇಲೆ ಕ್ಷಮೆ ಕೇಳಿದೆ.

ಪೀಣ್ಯ_ಲೇತ್

ತುಂಬಾ ಒಳ್ಳೇ ಕೆಲಸ ಮಾಡಿದಿರಿ. ಈಗ ಚಿತ್ರ ಸ್ಪಷ್ಟ ಆಗುತ್ತಿದೆ. ನಿಮ್ಮ ರೈಫಲ್‌ನಲ್ಲಿ ಎರಡು ಸೋರಿಕೆ ಇವೆ. ಒಂದು ಹೊರಗೆ ಹೋಗುವುದು. ಇನ್ನೊಂದು ಒಳಗೊಳಗೇ.

ರೆಗ್ಯುಲೇಟರ್ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಾದರೆ ಉಳಿದದ್ದು ಸುಲಭ. ಒಂದು ಕಡೆ ಸಿಲಿಂಡರ್‌ನ 150, 200 ಬಾರ್. ಇನ್ನೊಂದು ಕಡೆ ಪ್ರತಿ ಹೊಡೆತಕ್ಕೂ ಒಂದೇ ಸಮ ಬೇಕಾದ ಕಡಿಮೆ ಒತ್ತಡ, ಮ್ಯಾಚ್ ರೈಫಲ್‌ಗಳಲ್ಲಿ ಸಾಮಾನ್ಯವಾಗಿ 100 ಬಾರ್‌ಗಿಂತ ಕಡಿಮೆ. ನಡುವೆ ಒಂದು ಪಿಸ್ಟನ್. ಅದರ ಕೆಳಗೆ ಬಟ್ಟಲಿನಂತೆ ಬಾಗಿದ ಸ್ಪ್ರಿಂಗ್ ವಾಷರ್‌ಗಳು ಸಾಲಾಗಿ ಕೂತಿರುತ್ತವೆ. ಅವು ಪಿಸ್ಟನ್ನನ್ನು ತೆರೆಯುವ ಕಡೆಗೆ ತಳ್ಳುತ್ತವೆ. ಆಚೆ ಚೇಂಬರ್ ತುಂಬಿದ ಹಾಗೆ ಆ ಗಾಳಿ ಪಿಸ್ಟನ್ನಿನ ಅಗಲವಾದ ತಲೆಯನ್ನು ವಾಪಸ್ ಒತ್ತುತ್ತದೆ. ಎರಡೂ ಸಮ ಆದಾಗ ಪಿಸ್ಟನ್ನಿನ ತುದಿ ಹೋಗಿ ಸೀಟ್ ಮೇಲೆ ಕೂರುತ್ತದೆ, ಗಾಳಿ ನಿಲ್ಲುತ್ತದೆ.

ಆ ಸೀಟ್ ಮೇಲೆ ಒಂದು ಕಣ ಧೂಳೋ ಗೀರೋ ಇದ್ದರೆ ಪೂರ್ತಿ ಮುಚ್ಚಲ್ಲ. ಗಾಳಿ ಸಣ್ಣಗೆ ನುಗ್ಗುತ್ತಲೇ ಇರುತ್ತದೆ, ಚೇಂಬರ್ ಒತ್ತಡ ಏರುತ್ತದೆ. ಇದನ್ನೇ ಕ್ರೀಪ್ ಅನ್ನುತ್ತಾರೆ. ಹೊರಗೆ ಒಂದು ಗುಳ್ಳೆಯೂ ಕಾಣಲ್ಲ. ಮೊದಲ ಹೊಡೆತದ 181 ಅದರ ಗುರುತು. ಎಲ್ಲ ರೈಫಲ್‌ನಲ್ಲೂ ಮೊದಲನೇದು ಜೋರಾಗಿಯೇ ಇರುತ್ತದೆ ಅಂತಲ್ಲ. ಒತ್ತಡ ತುಂಬಾ ಏರಿದರೆ ಹ್ಯಾಮರ್‌ಗೆ ವಾಲ್ವ್ ತೆರೆಯಲು ಶಕ್ತಿ ಸಾಲದೆ ನಿಧಾನವೂ ಆಗಬಹುದು. ಮೊದಲನೇದು ಉಳಿದವುಗಳಿಗಿಂತ ಬೇರೆ ಇದೆಯಾ ಅನ್ನುವುದನ್ನು ನೋಡಿ.

ಈಗ ಹೊರಗಿನ ಸೋರಿಕೆ ಹುಡುಕಿ. ಪಾತ್ರೆ ತೊಳೆಯುವ ಲಿಕ್ವಿಡ್ ಸ್ವಲ್ಪ, ನೀರು ಜಾಸ್ತಿ, ನೊರೆ ಬರದಂತೆ ನಿಧಾನ ಕಲಸಿ. ಸೂಜಿ ಇಲ್ಲದ ಸಿರಿಂಜ್‌ನಲ್ಲಿ ಹನಿ ಹನಿ ಹಾಕಿ. ಸಿಲಿಂಡರ್ ಕೂರುವ ಜಾಗ, ಗೇಜ್ ಇದ್ದರೆ ಅದರ ಬುಡ, ಚೇಂಬರ್ ಜಾಯಿಂಟ್‌ಗಳು, ಆಮೇಲೆ ರೆಗ್ಯುಲೇಟರ್‌ನ ಉಸಿರು ತೂತು. ಆ ತೂತು ಸೂಜಿಮೊನೆಯಷ್ಟು ಚಿಕ್ಕದು, ಟಾರ್ಚ್ ಬೇಕು. ಬ್ಯಾರೆಲ್‌ಗೆ ಸೋಪಿನ ನೀರು ಬೇಡ, ಪೆಲೆಟ್ ಇಲ್ಲ ಅಂತ ಖಚಿತ ಮಾಡಿಕೊಂಡು ತುದಿಗೆ ಸಣ್ಣ ಬಲೂನು ಹಾಕಿ, ಪೆಲೆಟ್ ಒಳಗೆ ತಳ್ಳುವ ಬೋಲ್ಟ್ ಮುಚ್ಚಿ ಅರ್ಧ ಗಂಟೆ ಬಿಡಿ. ಬಲೂನು ಉಬ್ಬಿದರೆ ಹೊಡೆಯುವ ವಾಲ್ವ್ ಸೋರುತ್ತಿದೆ ಅಂತ ಅರ್ಥ. ಟ್ರಿಗರ್ ಹತ್ತಿರ ಕೈ ಬೇಡ. ಬ್ಯಾರೆಲ್ ಮುಂದೆ ಬೆರಳು ತರಲೇಬೇಡಿ.

ಒಂದೊಂದು ಜಾಗಕ್ಕೂ ಐದು ನಿಮಿಷ ಕೊಡಿ. ಅವಸರ ಪಟ್ಟರೆ ಗುಳ್ಳೆ ತಪ್ಪಿಸಿಕೊಳ್ಳುತ್ತದೆ.

ಕುಡ್ಲ_ಪಿಸಿಪಿ

ಬೋಲ್ಟ್ ತುದಿಯ ರಿಂಗ್ ಬಗ್ಗೆ ಹೇಳಲಿಲ್ಲ ಅಣ್ಣ?

ಪೀಣ್ಯ_ಲೇತ್

ಅದು ಹೊಡೆಯುವ ಕ್ಷಣದಲ್ಲಿ ಮಾತ್ರ ಕೆಲಸ ಮಾಡುವ ರಿಂಗ್. ಅದು ಸವೆದರೆ ವೇಗ ಕಡಿಮೆ ಆಗುತ್ತದೆ, ಕೆನ್ನೆಗೆ ಗಾಳಿ ಬಡಿದ ಹಾಗಾಗುತ್ತದೆ. ರಾತ್ರಿ ಗೇಜ್ ಇಳಿಯುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಎಷ್ಟೋ ಜನ ಮೊದಲು ಅದನ್ನೇ ಬದಲಾಯಿಸುತ್ತಾರೆ, ಕೈಗೆ ಸಿಗುತ್ತದೆ ಅಂತ.

ಅಪ್ಪ_ದಾವಣಗೆರೆ

ಸಿಕ್ಕಿತು!

ನಿನ್ನೆ ರಾತ್ರಿ ಊಟ ಆದಮೇಲೆ ನಾನು, ಮಗಳು ಡೈನಿಂಗ್ ಟೇಬಲ್ ಮೇಲೆ ಹಳೇ ಬೆಡ್‌ಶೀಟ್ ಹಾಸಿ ಕೂತೆವು. ಸಿಲಿಂಡರ್ ಕುತ್ತಿಗೆಯಲ್ಲಿ ಏನಿಲ್ಲ. ಜಾಯಿಂಟ್‌ಗಳಲ್ಲಿ ಏನಿಲ್ಲ. ಬಲೂನು ಜೋಲು ಮುಖ ಹಾಕಿಕೊಂಡು ಹಾಗೇ ಇತ್ತು. ಕೊನೆಗೆ ಮಗಳೇ ಟಾರ್ಚ್ ಹಿಡಿದು ಆ ಸಣ್ಣ ತೂತು ಹುಡುಕಿದಳು. ಒಂದು ಹನಿ ಹಾಕಿದ ಕೂಡಲೇ ಬಟಾಣಿ ಕಾಳಿನಷ್ಟು ಗುಳ್ಳೆ ಎದ್ದಿತು, ಒಡೆಯಿತು, ಇನ್ನೊಂದು ಎದ್ದಿತು. ಸೆಕೆಂಡಿಗೊಂದು ಅನ್ನಬಹುದು. ಅವಳು ಎಣಿಸುತ್ತಾ ಹೋದಳು.

ಒಂದು ಪ್ರಶ್ನೆ. ಅಷ್ಟು ಸಣ್ಣ ತೂತು ತಾನೆ, ಎಂ-ಸೀಲ್ ಹಾಕಿ ಮುಚ್ಚಿದರೆ ಸ್ಪರ್ಧೆ ಮುಗಿಯುವ ತನಕ ನಡೆಯುತ್ತಾ ಅಂತ ಮೆಕ್ಯಾನಿಕ್ ಕೇಳುತ್ತಿದ್ದಾರೆ.

ಪೀಣ್ಯ_ಲೇತ್

ಬೇಡ, ಬೇಡ, ಬೇಡ. ಯಾವ ಕಾರಣಕ್ಕೂ ಬೇಡ.

ಆ ತೂತು ಇರುವುದೇ ಸ್ಪ್ರಿಂಗ್ ವಾಷರ್‌ಗಳ ಕೋಣೆಯಲ್ಲಿ ಹೊರಗಿನ ಮಾಮೂಲಿ ಗಾಳಿ ಇರಲಿ ಅಂತ. ಅದನ್ನು ಮುಚ್ಚಿದರೆ ಸೋರಿದ ಗಾಳಿ ಆ ಕೋಣೆಯಲ್ಲೇ ತುಂಬುತ್ತದೆ. ಸ್ಪ್ರಿಂಗ್ ಜೊತೆ ಸೇರಿ ಪಿಸ್ಟನ್ನನ್ನು ತೆರೆದೇ ಇಡುತ್ತದೆ. ಚೇಂಬರ್ ಒತ್ತಡ ಏರುತ್ತಾ ಹೋಗುತ್ತದೆ. ಮಗು ಕೆನ್ನೆ ಇಟ್ಟು ಹೊಡೆಯುವ ಸಾಮಾನು ಸರ್ ಅದು. ಆ ತೂತಿಂದ ಗುಳ್ಳೆ ಬಂದರೆ "ಒಳಗಿನ ರಿಂಗ್ ಹೋಗಿದೆ" ಅಂತ ರೆಗ್ಯುಲೇಟರ್ ನಿಮಗೆ ಹೇಳುತ್ತಿದೆ. ಬಾಯಿ ಮುಚ್ಚಿಸಬೇಡಿ.

ಪಿಸ್ಟನ್ ಮೇಲಿನ ಒಂದೆರಡು ರಿಂಗ್, ರೆಗ್ಯುಲೇಟರ್ ಹೊರಮೈ ರಿಂಗ್, ಇಷ್ಟರಲ್ಲಿ ಯಾವುದೋ ಒಂದು. ಸೀಟ್ ಕ್ಲೀನ್ ಮಾಡಲು ಹೇಗೂ ಅದನ್ನೇ ಬಿಚ್ಚಬೇಕು. ಬೇರೆ ಏನೂ ಮುಟ್ಟುವ ಅಗತ್ಯ ಇಲ್ಲ. ಈಗ ಇನ್ನೊಂದು ಕೇಳಬೇಕು. ಗಾಳಿ ಹೇಗೆ ತುಂಬಿಸುತ್ತೀರಿ?

ಅಪ್ಪ_ದಾವಣಗೆರೆ

ಕೈ ಪಂಪ್. ನಾನೇ ಹೊಡೆಯುತ್ತೇನೆ. ಮಳೆಗಾಲದಲ್ಲೂ ಅದೇ.

ಕುಡ್ಲ_ಪಿಸಿಪಿ

ಅಲ್ಲೇ ಇದೆ ಮೂಲ. ಕರಾವಳಿಯವನಾಗಿ ನನಗೆ ಇದರ ಅನುಭವ ಚೆನ್ನಾಗಿದೆ. 30 ಡಿಗ್ರಿ ಇರುವ ಮಳೆಗಾಲದ ಗಾಳಿಯಲ್ಲಿ ಒಂದು ಘನ ಮೀಟರ್‌ಗೆ 25 ಗ್ರಾಂ ನೀರು ಆರಾಮಾಗಿ ಇರುತ್ತದೆ. ಕಾಲು ಲೀಟರ್ ಸಿಲಿಂಡರ್‌ಗೆ 200 ಬಾರ್ ತುಂಬಲು 50 ಲೀಟರ್ ಗಾಳಿ ಬೇಕು. ಅದರಲ್ಲಿ ಒಂದು ಗ್ರಾಂಗಿಂತ ಜಾಸ್ತಿ ನೀರು. ಹಿಂಡಿದಾಗ ಅದು ಹನಿಯಾಗುತ್ತದೆ. ಪಂಪ್‌ನ ಫಿಲ್ಟರ್ ಸ್ವಲ್ಪ ಹಿಡಿಯುತ್ತದೆ, ಎಲ್ಲ ಅಲ್ಲ. ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಕಟ್ಟುತ್ತದೆ, ಆ ಪುಡಿ ಹೋಗಿ ಸೀಟ್ ಮೇಲೆ ಕೂರುತ್ತದೆ.

ನಾನು ಈಗ ಡೈವಿಂಗ್ ಟ್ಯಾಂಕ್ ಇಟ್ಟುಕೊಂಡಿದ್ದೇನೆ. ಮುರುಡೇಶ್ವರದಲ್ಲಿ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಕರೆದುಕೊಂಡು ಹೋಗುವವರ ಹತ್ತಿರ ತುಂಬಿಸಿಕೊಂಡು ಬರುತ್ತೇನೆ. ಉಸಿರಾಡುವ ಗಾಳಿ ಆದ್ದರಿಂದ ಒಣಗಿಸಿ, ಸೋಸಿಯೇ ತುಂಬುತ್ತಾರೆ. ನಿಮ್ಮ ಕಡೆ ಅದು ಸಿಗದಿದ್ದರೆ ಚಳಿಗಾಲದ ಒಣ ಹವೆಯಲ್ಲಿ ಪಂಪ್ ಹೊಡೆಯಿರಿ, ಐವತ್ತು ಸಲ ಹೊಡೆದ ಮೇಲೆ ಒಮ್ಮೆ ಗಾಳಿ ಬಿಟ್ಟು ನೀರು ಹೊರಹಾಕಿ, ಪಂಪ್ ತಣ್ಣಗಾಗಲು ಬಿಡಿ. ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಮಾತ್ರ ಎಂದೂ ಬೇಡ. ಆಕ್ಸಿಜನ್ ಒತ್ತಡದಲ್ಲಿ ಗ್ರೀಸ್ ಸಿಕ್ಕರೆ ಹೊತ್ತಿ ಸಿಡಿಯುತ್ತದೆ.

ಹತ್ತುಮೀಟರ್

ನಾನೂ ಒಂದು ಲೆಕ್ಕ ಹಾಕಿದೆ, ಮಗಳಿಗೆ ತೋರಿಸಿ. 174ರಲ್ಲಿ ಹೋಗುವ ಪೆಲೆಟ್ 10 ಮೀಟರ್‌ಗೆ ಸುಮಾರು 16 ಮಿಲಿಮೀಟರ್ ಕೆಳಗೆ ಬೀಳುತ್ತದೆ. 181ರಲ್ಲಿ ಹೋಗುವುದು 15. ವ್ಯತ್ಯಾಸ ಒಂದು ಮಿಲಿಮೀಟರ್ ಚಿಲ್ಲರೆ. ನಮ್ಮ ಟಾರ್ಗೆಟ್‌ನಲ್ಲಿ ಒಂದೊಂದು ರಿಂಗ್‌ಗೂ ಎರಡೂವರೆ ಮಿಲಿಮೀಟರ್. ಅಂದರೆ 10.6 ಅಂಕ ಆಗಬೇಕಿದ್ದದ್ದು 10.1 ಆಗುತ್ತದೆ. ಅವಳು ಕಣ್ಣಿಂದ ಕಂಡುಹಿಡಿದದ್ದು ಇದನ್ನೇ.

ಮತ್ತೆ, ಸಿಲಿಂಡರ್ ಮೇಲೆ ತಯಾರಾದ ವರ್ಷ ಹೊಡೆದಿರುತ್ತಾರೆ. ಅದನ್ನು ಯಾಕೋ ಯಾರೂ ಕೇಳಲಿಲ್ಲ.

ಅಪ್ಪ_ದಾವಣಗೆರೆ

2013 ಅಂತ ಇದೆ ಮೇಡಂ. ಯಾಕೆ?

ಹತ್ತುಮೀಟರ್

ಅಂತರರಾಷ್ಟ್ರೀಯ ಶೂಟಿಂಗ್ ನಿಯಮದಲ್ಲಿ ಸಿಲಿಂಡರ್ ಅವಧಿ ಹೆಚ್ಚೆಂದರೆ ಹತ್ತು ವರ್ಷ. ಅವಧಿ ಮುಗಿದಿಲ್ಲ ಅಂತ ನೋಡಿಕೊಳ್ಳುವ ಹೊಣೆ ಶೂಟರ್‌ದೇ. ಲೀಕ್ ಇಲ್ಲದಿದ್ದರೂ ಈ ಸಿಲಿಂಡರ್ ಇಟ್ಟುಕೊಂಡು ಸ್ಪರ್ಧೆಗೆ ಹೋಗುವ ಹಾಗಿಲ್ಲ, ಅಭ್ಯಾಸಕ್ಕೂ ನಾನು ಬೇಡ ಅನ್ನುತ್ತೇನೆ. ಗೇಜ್ ಚೆನ್ನಾಗಿ ನಿಲ್ಲುತ್ತಿದೆ ಅನ್ನುವುದು ಲೋಹ ಗಟ್ಟಿ ಇದೆ ಅನ್ನುವುದಕ್ಕೆ ಸಾಕ್ಷಿ ಅಲ್ಲ. ಬೇಜಾರಾಗುತ್ತದೆ ಗೊತ್ತು. ಸೆಕೆಂಡ್ ಹ್ಯಾಂಡ್ ತಗೊಳ್ಳುವ ಎಲ್ಲರೂ ಮೊದಲು ನೋಡಬೇಕಾದದ್ದು ಇದು. ಇವತ್ತೇ ಹೊಸದಕ್ಕೆ ಆರ್ಡರ್ ಹಾಕಿ, ಬರಲು ದಿನ ಹಿಡಿಯುತ್ತದೆ.

ಪೀಣ್ಯ_ಲೇತ್

ಮೇಡಂ ಹೇಳಿದ್ದು ಸರಿ, ನಾನು ಮೊದಲ ದಿನವೇ ಕೇಳಬೇಕಿತ್ತು.

ರೆಗ್ಯುಲೇಟರ್ ಕೆಲಸ ಮ್ಯಾಚ್ ರೈಫಲ್ ಮಾಡಿ ಅಭ್ಯಾಸ ಇರುವವರ ಕೈಲಿ ಮಾಡಿಸಿ. ಆದರೆ ಪಕ್ಕದಲ್ಲಿ ಕೂತು ನೋಡಿ. ವಾಷರ್‌ಗಳನ್ನು ತೆಗೆಯುವ ಮೊದಲು ಫೋಟೋ ತೆಗೆಯಬೇಕು. ಬಟ್ಟಲು ಮೇಲ್ಮುಖವೋ ಕೆಳಮುಖವೋ ಅನ್ನುವುದರ ಮೇಲೆ ಒತ್ತಡ ನಿಂತಿದೆ, ಒಂದು ತಿರುಗಿ ಕೂತರೂ ವೇಗ ಬದಲಾಗುತ್ತದೆ. ಒತ್ತಡ ಹೊಂದಿಸುವ ಸ್ಕ್ರೂ ಎಲ್ಲಿದೆಯೋ ಅಲ್ಲಿ ಮಾರ್ಕರ್‌ನಲ್ಲಿ ಗೆರೆ ಎಳೆಯಲಿ. ಹಳೇ ರಿಂಗನ್ನು ಕಬ್ಬಿಣದ ಪಿನ್ ಹಾಕಿ ಎಬ್ಬಿಸಬಾರದು, ರಿಂಗ್ ಕೂರುವ ತೋಡಿನಲ್ಲಿ (ಗ್ರೂವ್) ಗೀರು ಬಿದ್ದರೆ ಯಾವ ರಿಂಗೂ ನಿಲ್ಲಲ್ಲ. ಹಲ್ಲುಕಡ್ಡಿ ಸಾಕು. ಹಳೇ ರಿಂಗ್ ಅಳತೆ ನೋಡಿ ಹೊಸದು ತರಬಾರದು, ಅದು ಚಪ್ಪಟೆ ಆಗಿರುತ್ತದೆ. ತೋಡಿನ ಅಳತೆ ನೋಡಬೇಕು. ಹೆಚ್ಚಿನ ಒತ್ತಡದ ಕಡೆ ಮೆತ್ತನೆ ರಿಂಗ್ ಹಾಕಿದರೆ ಗಾಳಿ ರಬ್ಬರ್ ಒಳಗೇ ಸೇರಿಕೊಂಡು, ಒತ್ತಡ ಬಿಟ್ಟಾಗ ಬೊಬ್ಬೆ ಏಳುತ್ತದೆ. ಅಲ್ಲಿಗೆ 90 ಗಡಸುತನದ್ದು (ರಬ್ಬರ್‌ನ ಶೋರ್ ಅಳತೆಯಲ್ಲಿ) ಒಳ್ಳೇದು. ಸಿಲಿಕೋನ್ ಗ್ರೀಸ್ ಬೆರಳಲ್ಲಿ ಸವರಿದಷ್ಟು ಮಾತ್ರ, ಹೊಳಪು ಕಂಡರೆ ಸಾಕು. ಮನೆಯಲ್ಲಿರುವ ಮಷಿನ್ ಎಣ್ಣೆ, ಸ್ಪ್ರೇ ಬೇಡ.

ಕೊನೆಗೆ, ಜೋಡಿಸುವಾಗ ಬಲ ಹಾಕಿ ಬಿಗಿ ಮಾಡಿದರೆ ಲೀಕ್ ನಿಲ್ಲುತ್ತದೆ ಅಂತ ಅಂದುಕೊಳ್ಳಬೇಡಿ. ಕುಕ್ಕರ್ ಗ್ಯಾಸ್ಕೆಟ್ ಗಟ್ಟಿಯಾದ ಮೇಲೆ ಮುಚ್ಚಳ ಎಷ್ಟು ಒತ್ತಿದರೂ ಹಬೆ ಹೋಗುತ್ತದಲ್ಲ, ಇದೂ ಅದೇ.

ಅಪ್ಪ_ದಾವಣಗೆರೆ

ಹದಿನೆಂಟು ದಿನ ಆದಮೇಲೆ ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿ ಅನುಭವಸ್ಥರೊಬ್ಬರ ಹತ್ತಿರ ತೆಗೆದುಕೊಂಡು ಹೋದೆ. ಮೊದಲೇ "ಉಸಿರು ತೂತಿನಿಂದ ಗುಳ್ಳೆ, ಮೊದಲ ಹೊಡೆತ 181, ಉಳಿದವು 174, ಬ್ಯಾರೆಲ್ ಸರಿ ಇದೆ" ಅಂತ ಚೀಟಿ ಕೊಟ್ಟೆ. ಓದಿ ನೋಡಿ ನೇರ ರೆಗ್ಯುಲೇಟರ್‌ಗೇ ಕೈ ಹಾಕಿದರು. ಬೇರೆ ಏನೂ ಬಿಚ್ಚಲಿಲ್ಲ.

ಪಿಸ್ಟನ್ ತೆಗೆದು ನನ್ನ ಅಂಗೈ ಮೇಲೆ ಇಟ್ಟರು. ಕಿರುಬೆರಳಿನ ಒಂದು ಗೆಣ್ಣಿನಷ್ಟು ಇದೆ ಅಷ್ಟೇ. ತಲೆಯ ಮೇಲಿನ ರಿಂಗ್ ದುಂಡಗೆ ಇರಬೇಕಿತ್ತು, ಒಂದು ಕಡೆ ಪೂರ್ತಿ ಚಪ್ಪಟೆ. ಉಗುರಲ್ಲಿ ಒತ್ತಿದರೆ ಒಳಗೆ ಹೋಗದಷ್ಟು ಗಟ್ಟಿ. ಲೆನ್ಸ್ ಕೊಟ್ಟು ಸೀಟ್ ತೋರಿಸಿದರು. ಬಿಳಿ ಪುಡಿ, ಸುಣ್ಣ ಹಚ್ಚಿದ ಹಾಗೆ, ಒಂದು ಅಂಚಿನಲ್ಲಿ. ಅಲ್ಲೇ ಸಣ್ಣ ಗುಂಡಿ ಬಿದ್ದಿತ್ತು. ಕುಡ್ಲದವರು ಹೇಳಿದ್ದು ಅಕ್ಷರಶಃ ಕಣ್ಣ ಮುಂದೆ ಇತ್ತು. ಸೀಟ್ ಹೊಸದು ಹಾಕಿದರು, ಮೂರು ರಿಂಗ್ ಬದಲಾಯಿಸಿದರು. ನಾನು ತರಿಸಿದ್ದ ಸೆಟ್‌ನಲ್ಲಿ ಉಳಿದ ಹನ್ನೊಂದು ರಿಂಗ್ ಹಾಗೇ ಡಬ್ಬಿಯಲ್ಲಿವೆ.

ಹೊಸ ಸಿಲಿಂಡರ್ ಮೊನ್ನೆ ಬಂತು. ಮೊದಲ ರಾತ್ರಿ 180 ಇಟ್ಟು ಮಲಗಿದೆ. ಬೆಳಿಗ್ಗೆ ಮಗಳು ನನಗಿಂತ ಮೊದಲು ಎದ್ದು ನೋಡಿ ಬಂದಿದ್ದಳು. 174. ಕೋಣೆ ಹತ್ತು ಡಿಗ್ರಿ ತಣ್ಣಗಾಗಿತ್ತು. ಕ್ರೋನೋಗ್ರಾಫ್‌ನಲ್ಲಿ ಅರ್ಧ ಗಂಟೆ ಬಿಟ್ಟು ಹೊಡೆದ ಮೊದಲನೇದು 174, ಆಮೇಲೆ 173, 174, 174. ನಿಮ್ಮೆಲ್ಲರಿಗೂ ಮನಸಾರೆ ಧನ್ಯವಾದ.

ಹೊಸಬ_ಶಿರಸಿ

ಈ ಚರ್ಚೆ ಓದಿ ನಾನೂ ಬಲೂನು ಹಾಕಿ ನೋಡಿದೆ. ನನ್ನದು ಉಸಿರು ತೂತಿನಲ್ಲಿ ಏನಿಲ್ಲ, ಆದರೆ ಬಲೂನು ಹತ್ತು ನಿಮಿಷಕ್ಕೆ ನಿಂಬೆಹಣ್ಣಿನಷ್ಟು ಉಬ್ಬಿತು. ರೈಫಲ್ ತಿಂಗಳಿಂದ ಮೂಲೆಯಲ್ಲಿತ್ತು. ವಾಲ್ವ್ ಬಿಚ್ಚಬೇಕಾ?

ಪೀಣ್ಯ_ಲೇತ್

ಇನ್ನೂ ಬೇಡ. ತುಂಬಾ ದಿನ ಸುಮ್ಮನೆ ಇದ್ದರೆ ವಾಲ್ವ್ ಸೀಟ್ ಮೇಲೆ ಕಣ ಕೂತಿರಬಹುದು. ಬಲೂನು ತೆಗೆದುಬಿಡಿ, ರೇಂಜ್‌ಗೆ ಹೋಗಿ ಪೆಲೆಟ್ ಹಾಕಿ ಇಪ್ಪತ್ತು ಮೂವತ್ತು ಹೊಡೆಯಿರಿ. ಗಾಳಿಯ ರಭಸಕ್ಕೆ ಕಣ ಹಾರಿ ಹೋಗುವುದು ಉಂಟು. ಆಮೇಲೆ ಮತ್ತೆ ಬಲೂನು ಹಾಕಿ ನೋಡಿ ತಿಳಿಸಿ.

ಹೊಸಬ_ಶಿರಸಿ

ನಲವತ್ತು ಹೊಡೆದೆ. ಒಂದು ಗಂಟೆ ಆಯಿತು, ಬಲೂನು ಜೋತುಬಿದ್ದೇ ಇದೆ. ಇವತ್ತು ರಾತ್ರಿ ಗೇಜ್, ಉಷ್ಣಾಂಶ ಎರಡೂ ಬರೆದಿಡುತ್ತೇನೆ.